ಮೊದಲು ಕೈಯಾಡಿಸು, ಆಮೇಲೆ ಹಾರಿಸು

ತಮ್ಮಾ, ನೀನು ರಿಮೋಟ್ ಯುದ್ಧವಿಮಾನದ ಕಿಟ್ ತರಿಸಿದ ಸುದ್ದಿ ಕೇಳಿ ಬಹಳ ಹಿಗ್ಗಾಯಿತು. ಬನಹಟ್ಟಿಯ ಹುಡುಗನೊಬ್ಬ ಮೊಬೈಲ್ ಬದಿಗಿಟ್ಟು ಸ್ಕ್ರೂಡ್ರೈವರ್ ಹಿಡಿದರೆ, ಮಗ್ಗ ರಿಪೇರಿಯಲ್ಲೇ ವಯಸ್ಸು ಕಳೆದ ನನ್ನಂಥವನಿಗೆ ಅದಕ್ಕಿಂತ ಸಂತೋಷ ಬೇರೇನಿದೆ? ಇಂಥ ಕಿಟ್ಟಿನಲ್ಲಿ ರೆಕ್ಕೆ, ಬಾಲ, ಒಡಲು ಎಲ್ಲ ಕಟ್ಟಿಯೇ ಬರುತ್ತವೆ. ಮೇಲೆ ಫಿಲ್ಮ್ ಹೊದಿಸಿ, ವಾಯುಪಡೆಯ ಗುರುತುಗಳನ್ನೂ ಅಂಟಿಸಿರುತ್ತಾರೆ. ಮೋಟಾರು, ಸರ್ವೋ, ರಿಸೀವರ್ ಕೂಡಿಸಿ ರೆಕ್ಕೆ ಬಿಗಿದರೆ ಕೆಲಸ ಮುಗಿಯಿತು ಅನಿಸುತ್ತದೆ. ಅಲ್ಲಿಯೇ ನಿನ್ನನ್ನು ಸ್ವಲ್ಪ ತಡೆದು ನಿಲ್ಲಿಸಬೇಕೆಂದು ಈ ಮಾತು. ಬೇರೆಯವರು ಕಟ್ಟಿದ್ದರ ಒಂದೊಂದು ಕೀಲನ್ನೂ ನಿನ್ನ ಬೆರಳು ಮುಟ್ಟಿ ನೋಡಿದ ಮೇಲೆಯೇ ಅದು ನಿನ್ನ ವಿಮಾನ.

ನಮ್ಮ ಊರಿಗೆ ಇದು ಹೊಸ ಪಾಠವಲ್ಲ. ಹಾಸಿನಲ್ಲಿ ಕಡಿದ ಒಂದು ಎಳೆಯನ್ನು ಕಟ್ಟದೆ ಮಗ್ಗ ಚಾಲೂ ಮಾಡಿದರೆ ಸೀರೆಯ ಉದ್ದಕ್ಕೂ ಅದು ಗೆರೆಯಾಗಿ ಎದ್ದು ಕಾಣುತ್ತದೆ. ಸೀರೆಯಾದರೆ ಕಡಿಮೆ ದರಕ್ಕಾದರೂ ಹೋದೀತು. ಆಕಾಶದಲ್ಲಿ ಕೀಲು ಬಿಟ್ಟ ವಿಮಾನಕ್ಕೆ ಆ ದಾರಿಯೂ ಇಲ್ಲ.

ನಮ್ಮ ನಾಡಿನ ದೊಡ್ಡ ಉದಾಹರಣೆಯೊಂದನ್ನು ಹೇಳುತ್ತೇನೆ, ಕೇಳು. ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್, ಶುರುವಾದದ್ದು 1940ರ ಡಿಸೆಂಬರಿನಲ್ಲಿ. ವಾಲ್‌ಚಂದ್ ಹೀರಾಚಂದರ ಸಾಹಸಕ್ಕೆ ಮೈಸೂರು ಸರ್ಕಾರ ಜೊತೆಯಾಗಿ ನಿಂತಿತು. ಎರಡನೇ ಮಹಾಯುದ್ಧ ಮುಗಿದಾಗ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರುಗಳನ್ನು ಬ್ರಿಟಿಷರು ಕಾನ್ಪುರದಲ್ಲಿ ಬಿಟ್ಟುಹೋದರು. ಮತ್ತೆ ಯಾರೂ ಹಾರಿಸಬಾರದೆಂದು ಬೇಕೆಂತಲೇ ಕೆಡಿಸಿಯೂ ಇಟ್ಟಿದ್ದರು. ಕಾರ್ಖಾನೆಯ ಜನ ಅಲ್ಲಿಗೆ ಹೋಗಿ, ಬೆಂಗಳೂರು ಮುಟ್ಟುವಷ್ಟರ ಮಟ್ಟಿಗೆ ಅವನ್ನು ರಿಪೇರಿ ಮಾಡಿ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಬಿಚ್ಚಿ, ತಪಾಸಣೆ ಮಾಡಿ, ಮತ್ತೆ ಜೋಡಿಸಿದರು. 1948ರಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಆ ವಿಮಾನಗಳೊಂದಿಗೇ ಹುಟ್ಟಿತು. 1968ರ ತನಕ ಅವು ಸೇವೆಯಲ್ಲಿದ್ದವು. ಪರದೇಶದಲ್ಲಿ ಕಟ್ಟಿದ ಯಂತ್ರಗಳು, ಬೆಂಗಳೂರಿನ ಕೈಗಳು ಕೀಲು ಕೀಲು ನೋಡಿದ ಮೇಲೆ ನಮ್ಮವಾದವು.

ನೀನೂ ಹಾಗೇ ಶುರು ಮಾಡು. ರೆಕ್ಕೆಯ ಏಲೆರಾನ್, ಬಾಲದ ಎಲಿವೇಟರ್, ರಡ್ಡರ್ ಎಂಬ ಅಲುಗುವ ಫಲಕಗಳನ್ನು ಹಿಡಿದು ಮೆಲ್ಲಗೆ ಜಗ್ಗಿ ನೋಡು. ಹಿಂಜ್ ಸಡಿಲ ಅನಿಸಿದರೆ ಮತ್ತೆ ಅಂಟಿಸು. ಮೋಟಾರು ಕೂರುವ ಮುಂದಿನ ಕಟ್ಟಿಗೆಯ ಗೋಡೆಯನ್ನು ಬೆರಳಿನಿಂದ ಒತ್ತಿ ಪರೀಕ್ಷಿಸು. ಕಾರ್ಖಾನೆಯಲ್ಲಿ ಅಂಟು ಕಡಿಮೆ ಬೀಳುವುದು ಹೆಚ್ಚಾಗಿ ಅಲ್ಲಿಯೇ. ಒಳಮೂಲೆಗಳಿಗೆ ತೆಳ್ಳಗೆ ಎಪಾಕ್ಸಿ ಎಳೆದು ಒಂದು ರಾತ್ರಿ ಒಣಗಲು ಬಿಡು. ಲೋಹಕ್ಕೆ ಲೋಹ ಕೂರುವ ಸ್ಕ್ರೂಗಳಿಗೆ ಥ್ರೆಡ್‌ಲಾಕ್ ಹಾಕು, ಮೋಟಾರಿನ ನಡುಕಕ್ಕೆ ಅವು ತಾವಾಗಿ ಬಿಚ್ಚಿಕೊಳ್ಳುತ್ತವೆ. ಸರ್ವೋದಿಂದ ಈ ಫಲಕಗಳಿಗೆ ಹೋಗುವ ತಂತಿಗಳಲ್ಲಿ ಸಡಿಲು ಆಟ ಉಳಿಯದಂತೆ ನೋಡಿಕೋ. ನಮ್ಮ ಬೇಸಿಗೆಯಲ್ಲಿ ಫಿಲ್ಮ್ ಸುಕ್ಕುಗಟ್ಟುತ್ತದೆ. ಸಣ್ಣ ಇಸ್ತ್ರಿಯಿಂದ ಹದವಾದ ಬಿಸಿ ಕೊಟ್ಟು ಬಿಗಿ ಮಾಡು, ಆದರೆ ರೆಕ್ಕೆ ತಿರುಚಿಕೊಂಡಿಲ್ಲವೆಂದು ಹಿಂದಿನಿಂದ ಕಣ್ಣು ಹಾಯಿಸಿ ಖಾತ್ರಿ ಮಾಡಿಕೋ.

ಇನ್ನು ಸುಧಾರಣೆಯ ಮಾತು. ಯುದ್ಧವಿಮಾನ ಕಂಡರೆ ಚಂದ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಕಾಕ್‌ಪಿಟ್ಟಿನಲ್ಲಿ ಪೈಲಟ್ ಗೊಂಬೆ, ರೆಕ್ಕೆಯ ಮೇಲೆ ಬಂದೂಕು, ಹೊಗೆ ಹಿಡಿದಂತೆ ಕಾಣುವ ಬಣ್ಣ, ಒಳಗೆ ಮಡಚಿಕೊಳ್ಳುವ ಚಕ್ರ. ಮಾಡು, ಬೇಡವೆನ್ನುವುದಿಲ್ಲ. ಆದರೆ ಸೇರಿಸುವ ಪ್ರತಿಯೊಂದನ್ನೂ ಮೊದಲು ತಕ್ಕಡಿಯಲ್ಲಿ ಇಡು. ಮೂತಿ ಗಿಡ್ಡವಾದ ವಿಮಾನದಲ್ಲಿ ಬಾಲದ ಕಡೆ 10 ಗ್ರಾಂ ಹೆಚ್ಚಾದರೆ ಅದನ್ನು ಸರಿದೂಗಿಸಲು ಮೂತಿಗೆ ಅದರ ಎರಡು ಮೂರು ಪಟ್ಟು ಸೀಸ ತುಂಬಬೇಕಾಗುತ್ತದೆ. ತೂಕ ಏರಿದಷ್ಟೂ ಇಳಿಯುವ ವೇಗ ಏರುತ್ತದೆ. ನನ್ನ ಲೆಕ್ಕದಲ್ಲಿ ನಿಜವಾದ ಸುಧಾರಣೆ ಎಂದರೆ ಗಟ್ಟಿ ಅಂಟು, ಹಗುರ ಬಾಲ, ತೂಕ ಸಮ ಮಾಡಿದ ಪ್ರೊಪೆಲ್ಲರ್. ಬಣ್ಣ ಇವೆಲ್ಲದರ ಆಮೇಲೆ.

ಸಿ.ಜಿ., ಅಂದರೆ ವಿಮಾನದ ತೂಕ ಸಮತೂಗುವ ಜಾಗದ ವಿಷಯದಲ್ಲಿ ಅಂದಾಜು ನಡೆಯುವುದಿಲ್ಲ. ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲಿ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತು. ಸಾಧಾರಣ ಆಕಾರದ ವಿಮಾನಗಳಲ್ಲಿ ಅದು ರೆಕ್ಕೆಯ ಮುಂದಿನ ಅಂಚಿನಿಂದ, ಅದರ ಸರಾಸರಿ ಅಗಲದ ಶೇ. 25ರಿಂದ 33ರೊಳಗೆ ಬೀಳುತ್ತದೆ. ಬ್ಯಾಟರಿ ಒಳಗಿಟ್ಟೇ ನೋಡಬೇಕು. ಮೂತಿ ಚೂರು ಕೆಳಗೆ ವಾಲಿದರೆ ಮೊದಲ ಹಾರಾಟಕ್ಕೆ ಒಳ್ಳೆಯದೇ. ಬಾಲ ವಾಲಿದರೆ ಅವತ್ತು ಹಾರಿಸಬೇಡ.

ಪ್ರೊಪೆಲ್ಲರ್ ಬಿಚ್ಚಿಟ್ಟೇ ಮೋಟಾರು, ಸರ್ವೋ ಹೊಂದಿಸು. ರಿಮೋಟಿನ ಕಡ್ಡಿ ಬಲಕ್ಕೆ ಒತ್ತಿದರೆ ಬಲ ಏಲೆರಾನ್ ಮೇಲೇಳಬೇಕು. ಇದನ್ನು ಪ್ರತಿ ಸಲವೂ ಬಾಯಿಬಿಟ್ಟು ಹೇಳಿಕೊಂಡು ನೋಡು. ಸಿಗ್ನಲ್ ಕಡಿದರೆ ಮೋಟಾರು ತಾನೇ ನಿಲ್ಲುವಂತೆ ಫೇಲ್‌ಸೇಫ್ ಇಡು. ಲಿಪೋ ಬ್ಯಾಟರಿ ಒಂದು ಸೆಲ್‌ಗೆ 4.2 ವೋಲ್ಟ್ ದಾಟಬಾರದು, 3 ವೋಲ್ಟಿಗಿಂತ ಕೆಳಗೂ ಇಳಿಯಬಾರದು. ವಾರಗಟ್ಟಲೆ ಇಡುವುದಿದ್ದರೆ ಸುಮಾರು 3.8ಕ್ಕೆ ತಂದು ಇಡು. ಚಾರ್ಜಿಗೆ ಹಾಕಿ ಮಲಗಬೇಡ, ಹೊರಗೆ ಹೋಗಬೇಡ. ನೂಲಿನ ಗಂಟು, ಸೀರೆಯ ರಾಶಿ ಇರುವ ಮನೆಗಳು ನಮ್ಮವು. ಉಬ್ಬಿದ ಬ್ಯಾಟರಿಯೊಂದು ಹೊತ್ತಿದರೆ ಮಗ್ಗವೇ ಹೋದೀತು. ಬಿಸಿಲಿನ ತಗಡಿನ ಶೆಡ್ಡಿನಲ್ಲಿ ವಿಮಾನವನ್ನೂ ಬ್ಯಾಟರಿಯನ್ನೂ ಇಡಲೇಬೇಡ.

ಯುದ್ಧವಿಮಾನವನ್ನೇ ಮೊದಲು ಹಾರಿಸುತ್ತೇನೆ ಎನ್ನಬೇಡ. ಬೆಂಗಳೂರಿನಲ್ಲಿ ಮರುತ್ ಎಂಬ ಜೆಟ್ ಯುದ್ಧವಿಮಾನ ಕಟ್ಟಿದ ಕುರ್ಟ್ ಟ್ಯಾಂಕ್, ಜರ್ಮನಿಯ ಹೆಸರಾಂತ ಫೋಕೆ ವುಲ್ಫ್ 190 ಯುದ್ಧವಿಮಾನವನ್ನು ರೂಪಿಸಿದ ಮನುಷ್ಯ. ಅಂಥವರೂ ನೇರವಾಗಿ ಜೆಟ್ ಹಾರಿಸಲಿಲ್ಲ. ಅದೇ ಅಳತೆಯ ಮರದ ಗ್ಲೈಡರ್ ಮಾಡಿ, 1959ರಲ್ಲಿ ಡಕೋಟಾ ವಿಮಾನದಿಂದ ಎಳೆಸಿ, ಮೇಲೆ ಬಿಟ್ಟು ಅದರ ಗುಣ ತಿಳಿದುಕೊಂಡರು. ಮರುತ್ ಮೊದಲ ಬಾರಿ ಹಾರಿದ್ದು 1961ರ ಜೂನ್ 17ರಂದು. ನೀನೂ ರೆಕ್ಕೆ ಮೇಲಿರುವ ಸೌಮ್ಯ ಟ್ರೇನರ್ ವಿಮಾನದಲ್ಲಿ ಕೈ ಪಳಗಿಸಿಕೊಂಡು ಬಾ. ಯುದ್ಧವಿಮಾನದ ರೆಕ್ಕೆಯ ತುದಿ ಚೂಪಾಗಿ ಕಿರಿದಾಗುತ್ತದೆ. ನಿಧಾನಕ್ಕೆ ಹಾರುವಾಗ ಆ ತುದಿ ಮೊದಲು ಸೋತರೆ ವಿಮಾನ ಒಂದು ಕಡೆ ಹೊರಳಿ ಬೀಳುತ್ತದೆ. ನಿಜವಾದ ಸ್ಪಿಟ್‌ಫೈರ್‌ನಲ್ಲಿ ಇದಕ್ಕಾಗಿಯೇ ಬುಡಕ್ಕಿಂತ ತುದಿಯನ್ನು ಎರಡೂವರೆ ಡಿಗ್ರಿಯಷ್ಟು ಕೆಳಕ್ಕೆ ತಿರುಚಿದ್ದರು. ನಿನ್ನ ಪುಟ್ಟ ವಿಮಾನಕ್ಕೂ ನಿಯಮ ಅದೇ. ಇಳಿಸುವಾಗ ವೇಗ ಬಿಡಬೇಡ, ಮೂತಿ ಎತ್ತಿ ಎಳೆಯಬೇಡ.

ಜಾಗ ಆರಿಸುವುದರಲ್ಲಿ ಊರಿನ ಜ್ಞಾನ ಬಳಸು. ನಮ್ಮ ಸುತ್ತ ಕಬ್ಬೇ ಕಬ್ಬು. ನಿಂತ ಕಬ್ಬಿನೊಳಗೆ ಬಿದ್ದ ವಿಮಾನ ಸಿಗುವುದು ಕಷ್ಟ, ಹುಡುಕುತ್ತ ರೈತನ ಬೆಳೆ ತುಳಿಯುವುದು ತಪ್ಪು. ಕಟಾವಾದ ಹೊಲವಿದ್ದರೆ ಯಜಮಾನರನ್ನು ಕೇಳಿ ಅಪ್ಪಣೆ ಪಡೆ. ಆಷಾಢದ ಗಾಳಿಯಲ್ಲಿ ಹೊರಗೆ ತೆಗೆಯಬೇಡ, ಬೆಳಗಿನ ಹೊತ್ತು ಶಾಂತವಾಗಿರುತ್ತದೆ. ಮಗ್ಗಗಳಿಗೆ ಕರೆಂಟು ತರುವ ತಂತಿಗಳಿಂದ ದೂರವಿರು. ಜಾತ್ರೆ, ಸಂತೆ, ಶಾಲೆಯ ಮೈದಾನ, ಎಲ್ಲಿ ಜನ ಸೇರುತ್ತಾರೋ ಅಲ್ಲಿ ಬೇಡವೇ ಬೇಡ. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಕ್ಕೂ ಅನ್ವಯಿಸುತ್ತವೆ. ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿನ್ನ ಹೊಲ ಹಸಿರು ವಲಯದಲ್ಲಿದೆಯೇ ನೋಡಿಕೋ, ನೋಂದಣಿಯ ನಿಯಮವನ್ನೂ ಓದಿಕೋ.

ಸಾಧ್ಯವಾದರೆ ರಜೆಯಲ್ಲಿ ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಬಾ. ಅಲ್ಲಿ ಮರುತ್ ನಿಂತಿದೆ. ಅದರ ರಿವೆಟ್ಟುಗಳನ್ನು, ಫಲಕಗಳ ಕೂಡುಗೆರೆಗಳನ್ನು ಹತ್ತಿರದಿಂದ ನೋಡು. ನಿನ್ನ ಮಾದರಿಗೆ ಬಣ್ಣ ಹಚ್ಚುವ ದಿನ ಆ ನೋಟ ಕೆಲಸಕ್ಕೆ ಬರುತ್ತದೆ.

ಕೊನೆಗೊಂದು ಮಾತು. ಪ್ರತಿ ಹಾರಾಟದ ಮುಂಚೆ ಇಷ್ಟೆಲ್ಲ ನೋಡುವುದು ಬೇಸರ ಅನಿಸಬಹುದು. ಒಂದು ಚಿಕ್ಕ ಪುಸ್ತಕದಲ್ಲಿ ಪಟ್ಟಿ ಬರೆದು, ನೋಡಿದ್ದಕ್ಕೆಲ್ಲ ಗುರುತು ಹಾಕುತ್ತ ಹೋಗು. ಕೆಲವೇ ವಾರಗಳಲ್ಲಿ ಕೈಗೆ ಅದು ರೂಢಿಯಾಗುತ್ತದೆ. ನಾಳೆ ನೀನು ಪವರ್‌ಲೂಮ್ ನಡೆಸು, ಪಂಪ್‌ಸೆಟ್ ರಿಪೇರಿ ಮಾಡು, ಎಂಜಿನಿಯರಾಗು, ಆ ರೂಢಿ ನಿನ್ನ ಜೊತೆಗೇ ಬರುತ್ತದೆ. ಈ ಕಿಟ್ ನಿನಗೆ ಕೊಡಬಹುದಾದ ದೊಡ್ಡ ವಿದ್ಯೆ ಅದೇ. ಅವಸರ ಮಾಡದೆ ಕಲಿ.