ಕಲ್ಲಿಗೂ ಒಂದು ಲೆಕ್ಕಪುಸ್ತಕ

ಕಾಮರ್ಸ್ ಓದುವವರಿಗೆ ಕಲ್ಲು, ಪಳೆಯುಳಿಕೆಗಳ ಹತ್ತಿರ ಏನು ಕೆಲಸ ಎಂದು ಸೈನ್ಸ್ ವಿಭಾಗದ ಗೆಳೆಯರು ಕೇಳಬಹುದು. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸೆಡ್ಜ್‌ವಿಕ್ ಭೂವಿಜ್ಞಾನ ವಸ್ತುಸಂಗ್ರಹಾಲಯದ ಬಗ್ಗೆ ಓದಿದಾಗ ಅದು ನನಗೆ ಅರ್ಧ ಅಕೌಂಟೆನ್ಸಿ ಪಾಠದ ಹಾಗೆಯೇ ಕಂಡಿತು. ಇಂದು ಅಲ್ಲಿ 15 ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ಇಷ್ಟಕ್ಕೂ ಮೂಲ ಒಬ್ಬ ವೈದ್ಯರು ಬರೆದಿಟ್ಟ ಉಯಿಲು.

ಡಾ. ಜಾನ್ ವುಡ್‌ವರ್ಡ್ ಲಂಡನ್ನಿನ ಗ್ರೆಶಮ್ ಕಾಲೇಜಿನಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಖನಿಜ, ಅದಿರು, ಕಲ್ಲಾದ ಚಿಪ್ಪು ಹೀಗೆ ಸುಮಾರು 10,000 ಮಾದರಿಗಳನ್ನು ಕೂಡಿಸಿದರು. ಎಲ್ಲವನ್ನೂ ತಾವೇ ಹೋಗಿ ಆರಿಸಿದ್ದಲ್ಲ. ದೂರದೇಶಗಳಿಗೆ ಹೋಗುವವರು ಏನನ್ನು ಗಮನಿಸಬೇಕು, ಏನನ್ನು ತರಬೇಕು, ಹೇಗೆ ಬರೆದಿಡಬೇಕು ಎಂದು ತಿಳಿಸುವ ಒಂದು ಕಿರುಪುಸ್ತಕವನ್ನೇ 1696ರಲ್ಲಿ ಅಚ್ಚು ಹಾಕಿಸಿದರು.

ಬರೆದಿಡುವುದಕ್ಕೆ ಇಷ್ಟು ಮಹತ್ವ ಏಕೆ? ಮೇಜಿನ ಮೇಲೆ ಕಲ್ಲಾದ ಒಂದು ಚಿಪ್ಪು ಇದೆ ಎಂದುಕೊಳ್ಳಿ. ಯಾವ ಊರಿನದು, ಯಾವ ಪದರದ್ದು ಎಂದು ತಿಳಿಯದಿದ್ದರೆ ಅದು ಶೋಕೇಸಿನಲ್ಲಿಡುವ ಅಲಂಕಾರದ ವಸ್ತು ಅಷ್ಟೇ. ತಿಳಿದಿದ್ದರೆ ವಿಷಯವೇ ಬೇರೆ. ಮಡಿಕೆ ಬೀಳದೆ, ತಲೆಕೆಳಗಾಗದೆ ಉಳಿದ ಪದರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು. ದೂರದೂರದ ಎರಡು ಜಾಗಗಳಲ್ಲಿ ಒಂದೇ ಬಗೆಯ ಪಳೆಯುಳಿಕೆಗಳು ಸಿಕ್ಕರೆ ಆ ಎರಡು ಪದರಗಳೂ ಹೆಚ್ಚುಕಡಿಮೆ ಒಂದೇ ಕಾಲದವು ಎಂದು ಊಹಿಸಬಹುದು. ಚೀಟಿ ಕಳೆದುಹೋದ ದಿನ ಈ ಎಲ್ಲ ಮಾಹಿತಿಯೂ ಹೋಯಿತು. ವೋಚರ್ ಇಲ್ಲದ ಖರ್ಚನ್ನು ಆಡಿಟರ್ ಒಪ್ಪುತ್ತಾರೆಯೇ? ಇದೂ ಹಾಗೆಯೇ.

ವುಡ್‌ವರ್ಡ್ 1728ರಲ್ಲಿ ತೀರಿಕೊಂಡರು. ಇಂಗ್ಲೆಂಡಿನ ಪಳೆಯುಳಿಕೆಗಳಿದ್ದ ಎರಡು ಕಪಾಟುಗಳನ್ನು ಅವುಗಳ ಪಟ್ಟಿಯ ಸಮೇತ ವಿಶ್ವವಿದ್ಯಾಲಯಕ್ಕೆ ಬರೆದಿದ್ದರು. ಉಳಿದೆರಡು ಕಪಾಟುಗಳನ್ನು ವಿಶ್ವವಿದ್ಯಾಲಯ 1,000 ಪೌಂಡ್ ಕೊಟ್ಟು ಕೊಂಡಿತು. ಕೊಟ್ಟು ಕೈತೊಳೆದುಕೊಂಡವರಲ್ಲ ಅವರು. ತಮ್ಮ ಆಸ್ತಿಯ ಹಣದಿಂದ ಜಮೀನು ಕೊಂಡು, ಅದರ ಆದಾಯದಲ್ಲಿ ವರ್ಷಕ್ಕೆ 100 ಪೌಂಡ್ ಸಂಬಳದ ಒಬ್ಬ ಉಪನ್ಯಾಸಕರನ್ನು ನೇಮಿಸಬೇಕು ಎಂದು ಬರೆದರು. ಆ ಉಪನ್ಯಾಸಕರು ಪಾಠ ಹೇಳಬೇಕು, ನೋಡಬಂದವರಿಗೆ ಸಂಗ್ರಹವನ್ನು ತೋರಿಸಬೇಕು, ಮದುವೆಯಾಗಬಾರದು! ಹೆಂಡತಿ ಮಕ್ಕಳ ಚಿಂತೆಯಲ್ಲಿ ಓದು ಹಿಂದೆ ಬಿದ್ದೀತು ಎಂಬ ಭಯ. ಪ್ರತಿ ವರ್ಷ ಪರೀಕ್ಷಕರು ಬಂದು ಪಟ್ಟಿಗೂ ಮಾದರಿಗಳಿಗೂ ತಾಳೆ ನೋಡಬೇಕೆಂಬ ಏರ್ಪಾಡೂ ಇತ್ತು. ನಾವು ಈಗ ಓದುವ ದಾಸ್ತಾನು ಪರಿಶೀಲನೆಯೇ ಇದು. (ದಾಸ್ತಾನು, ಜಮಾ, ಖರ್ಚು, ರುಜುವಾತು: ಅಕೌಂಟೆನ್ಸಿಯ ಕನ್ನಡದಲ್ಲಿ ನಮ್ಮ ಮನೆಯ ಉರ್ದು ಕೇಳುವವರಿಗೆ ಪರಿಚಿತ ಮುಖಗಳೇ ಹೆಚ್ಚು.)

ಮದುವೆಯ ಷರತ್ತು ನನಗೆ ಅತಿ ಎನಿಸಿತು. ತಾಳೆ ನೋಡುವ ಷರತ್ತು ಮಾತ್ರ ಬಹಳ ಸರಿ. ವುಡ್‌ವರ್ಡರ ಸಿದ್ಧಾಂತವನ್ನೇ ನೋಡಿ. ನೂಹ್ ಪ್ರವಾದಿಯವರ ಕಾಲದ ಜಲಪ್ರಳಯದಲ್ಲಿ ಭೂಮಿಯ ಬಂಡೆಗಳೆಲ್ಲ ಕರಗಿ, ಆಮೇಲೆ ಭಾರಕ್ಕೆ ತಕ್ಕಂತೆ ಪದರಪದರವಾಗಿ ಕೂತವು ಎಂದು ಅವರು 1695ರಲ್ಲಿ ಬರೆದಿದ್ದರು. ಪದರಗಳು ಉಂಟಾದ ಈ ವಿವರಣೆಯನ್ನು ಮುಂದಿನ ಭೂವಿಜ್ಞಾನಿಗಳು ಕೈಬಿಟ್ಟರು. ಕಲ್ಲುಗಳನ್ನೂ ಪಟ್ಟಿಯನ್ನೂ ಯಾರೂ ಕೈಬಿಡಲಿಲ್ಲ. ಅಕ್ರೋಟು ಮರದ ಆ ಕಪಾಟುಗಳು ಇಂದಿಗೂ ಸಂಗ್ರಹಾಲಯದಲ್ಲಿವೆ.

ವುಡ್‌ವರ್ಡ್ ಹೆಸರಿನ ಆ ಹುದ್ದೆಗೆ 1818ರಲ್ಲಿ ಬಂದ ಆಡಮ್ ಸೆಡ್ಜ್‌ವಿಕ್ 1873ರಲ್ಲಿ ಸಾಯುವವರೆಗೆ, ಅಂದರೆ 55 ವರ್ಷ, ಅಲ್ಲೇ ಉಳಿದರು. ಮದುವೆಯನ್ನೂ ಆಗಲಿಲ್ಲ. ಅವರ ಕಾಲದಲ್ಲಿ ಸಂಗ್ರಹ ಬಹಳ ಬೆಳೆಯಿತು. ಅವರ ನೆನಪಿಗೆ ಕಟ್ಟಿದ ಈಗಿನ ಕಟ್ಟಡ 1904ರಲ್ಲಿ ತೆರೆಯಿತು. ಬೀಗಲ್ ಹಡಗಿನ ಪ್ರಯಾಣಕ್ಕೆ ಮುಂಚೆ 1831ರಲ್ಲಿ ಸೆಡ್ಜ್‌ವಿಕ್ ಜೊತೆ ವೇಲ್ಸ್ ಪ್ರಾಂತ ಸುತ್ತಿ ಕೆಲಸ ಕಲಿತವರು ಯುವಕ ಚಾರ್ಲ್ಸ್ ಡಾರ್ವಿನ್. ಆ ಪ್ರಯಾಣದಲ್ಲಿ ಅವರು ಆರಿಸಿದ ಬಂಡೆಗಳು ಈಗ ಇಲ್ಲಿವೆ. ಪ್ರತಿ ಕಲ್ಲಿಗೂ ಒಂದು ಸಂಖ್ಯೆ, ಅದೇ ಸಂಖ್ಯೆಯ ಎದುರು ಪುಸ್ತಕದಲ್ಲಿ ವಿವರ. ಇದಕ್ಕಿಂತ ಒಳ್ಳೆಯ ಲೆಡ್ಜರ್ ಫೋಲಿಯೊ ಉದಾಹರಣೆ ನನಗೆ ಸಿಕ್ಕಿಲ್ಲ.

ಆದರೆ ಈ ಬಗೆಯ ಪುಸ್ತಕಗಳಲ್ಲಿ ಒಂದು ಕಾಲಂ ಬಹಳ ಕಾಲ ಖಾಲಿಯೇ ಇರುತ್ತಿತ್ತು. ಕೊಟ್ಟವರ ಹೆಸರು ಬರೆಯುತ್ತಿದ್ದರು, ಬಂಡೆ ಅಗೆದು ತೆಗೆದವರದ್ದಲ್ಲ. ಲೈಮ್ ರೀಜಿಸ್ ಎಂಬ ಕಡಲತೀರದ ಊರಿನಲ್ಲಿ ಬಡ ಬಡಗಿಯ ಮಗಳು ಮೇರಿ ಆ್ಯನಿಂಗ್ ಕುಸಿಯುವ ಬಂಡೆಗಳ ಕೆಳಗೆ ನಿಂತು ದೈತ್ಯ ಕಡಲ ಸರೀಸೃಪಗಳ ಪಳೆಯುಳಿಕೆಗಳನ್ನು ಬಿಡಿಸಿ ಮಾರಿ ಜೀವನ ಸಾಗಿಸುತ್ತಿದ್ದಳು. ಸೆಡ್ಜ್‌ವಿಕ್ ಕೂಡ ಅವಳ ಗಿರಾಕಿ. ಕೊಂಡವರು ಮ್ಯೂಸಿಯಂಗಳಿಗೆ ದಾನ ಕೊಟ್ಟಾಗ ಎಷ್ಟೋ ಕಡೆ ಚೀಟಿಯಲ್ಲಿ ದಾನಿಯ ಹೆಸರು ಉಳಿಯಿತು, ಅವಳದ್ದು ಬಿಟ್ಟುಹೋಯಿತು. ಅವಳು ಕಂಡುಹಿಡಿದವು ಯಾವುವು ಎಂದು ತಿಳಿಯಲು ಈಗಿನವರು ಹಳೆಯ ಪತ್ರಗಳನ್ನೂ ಮಾರಾಟದ ದಾಖಲೆಗಳನ್ನೂ ಹುಡುಕಬೇಕಾಗಿದೆ.