ಪಂದ್ಯದ ದಿನದ ಸಾಮು

1891ರ ಡಿಸೆಂಬರ್ ತಿಂಗಳು. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವ್ಯಾಯಾಮ ಶಿಕ್ಷಕರನ್ನು ಸಿದ್ಧಪಡಿಸುವ ಒಂದು ಶಾಲೆಯಿತ್ತು. ಹೊರಗೆ ಕೊರೆಯುವ ಚಳಿ. ಒಳಗೆ ಕವಾಯತಿನಿಂದ ಬೇಸತ್ತ 18 ಮಂದಿ ತರುಣರು. ಚಾವಣಿಯ ಕೆಳಗೆ ಆಡಬಹುದಾದ ಆಟವೊಂದನ್ನು ಇವರಿಗಾಗಿ ಕಲ್ಪಿಸಬೇಕೆಂದು ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕನಿಗೆ ಅಪ್ಪಣೆಯಾಯಿತು. ಆತನು ಹಣ್ಣಿನ ಬುಟ್ಟಿಗಳೆರಡನ್ನು 10 ಅಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ, 13 ನಿಯಮಗಳನ್ನು ಬರೆದು, ಚೆಂಡನ್ನು ಅವರ ಕೈಗಿತ್ತನು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಹೀಗೆ. ಬುಟ್ಟಿಯನ್ನು ತಲೆಯ ಮೇಲೆ ಇರಿಸಿದುದಕ್ಕೆ ಕಾರಣವಿತ್ತು. ಬಲದಿಂದ ಬೀಸಿ ಹೊಡೆಯುವವನಿಗಿಂತ ನಯವಾಗಿ, ಬಾಗಿದ ಹಾದಿಯಲ್ಲಿ ಚೆಂಡನ್ನು ಇಳಿಸುವವನಿಗೆ ಗೆಲುವು ದೊರೆಯಬೇಕೆಂಬುದೇ ಆ ಅಧ್ಯಾಪಕನ ಇಂಗಿತ.

ಇಂತಹ ನಯದ ಆಟಕ್ಕೂ ಕಬ್ಬಿಣದ ಭಾರವನ್ನು ಎತ್ತುವ ಸಾಮಿಗೂ ಎಣ್ಣೆ ಸೀಗೆಯ ಸಂಬಂಧವೆಂದು ಬಹುಕಾಲ ಎಲ್ಲರೂ ನಂಬಿದ್ದರು. ಭಾರ ಎತ್ತಿದವನ ಸ್ನಾಯುಗಳು ಗಂಟುಕಟ್ಟಿ ಬಿಗಿದುಕೊಳ್ಳುತ್ತವೆ, ಮೈ ಬಾಗದು, ಕೈ ನಿಧಾನವಾಗುತ್ತದೆ, ಬೆರಳುಗಳ ಸೂಕ್ಷ್ಮತೆ ಅಳಿಯುತ್ತದೆ ಎಂಬುದು ಅಂದಿನ ಶಿಕ್ಷಕರ ದೃಢವಾದ ಅಭಿಪ್ರಾಯ. ತಮ್ಮ ಆಟಗಾರರು ಬಾರ್ಬೆಲ್ಲಿನ ಬಳಿ ಸುಳಿಯದಂತೆ ಅವರು ಕಾವಲು ಕಾಯುತ್ತಿದ್ದರು. (ಕಬ್ಬಿಣ ಹಿಡಿದ ಕೈಗೆ ಸೂಕ್ಷ್ಮವಾದ ಕೆಲಸ ಒಗ್ಗದೆಂಬ ಮಾತನ್ನು ಕನ್ನಡಿಗರಂತೂ ಒಪ್ಪಲಾರರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ನೂರಾರು ತರುಣರನ್ನು ಗಟ್ಟಿಗರನ್ನಾಗಿಸಿದ ಕೆ. ವಿ. ಅಯ್ಯರ್ ಅವರೇ ‘ಶಾಂತಲಾ’ ಕಾದಂಬರಿಯನ್ನು ಬರೆದವರು.)

ಈ ನಂಬಿಕೆಗೆ ಮೊದಲ ಪೆಟ್ಟು ಬಿದ್ದುದು ಬ್ಯಾಸ್ಕೆಟ್‌ಬಾಲ್ ಹುಟ್ಟಿದ ಆ ಶಾಲೆಯಲ್ಲಿಯೇ. 1940ರ ವೇಳೆಗೆ ಅದು ಕಾಲೇಜಾಗಿ ಬೆಳೆದಿತ್ತು. ಶರೀರವಿಜ್ಞಾನದ ಅಧ್ಯಾಪಕನಾದ ಪೀಟರ್ ಕಾರ್ಪೊವಿಚ್ ಭಾರವೆತ್ತುವಿಕೆಯನ್ನು ಬಲವಾಗಿ ವಿರೋಧಿಸುತ್ತಿದ್ದನು. ಆ ವರ್ಷ ಜಾನ್ ಗ್ರಿಮೆಕ್ ಎಂಬ ಹೆಸರಾಂತ ದೇಹದಾರ್ಢ್ಯ ಪಟು ತನ್ನ ಸಂಗಡಿಗರೊಡನೆ ಅಲ್ಲಿಗೆ ಬಂದು ಪ್ರದರ್ಶನ ನೀಡಿದನು. ಪ್ರದರ್ಶನ ಮುಗಿದ ಮೇಲೆ ಕಾರ್ಪೊವಿಚ್ ಎದ್ದು ನಿಂತು, ನಿನ್ನ ಬೆನ್ನನ್ನು ನೀನೇ ತುರಿಸಿಕೊಳ್ಳಬಲ್ಲೆಯಾ ಎಂದು ಕೇಳಿದನು. ಗ್ರಿಮೆಕ್ ಮೇಲಿನಿಂದಲೂ ಕೆಳಗಿನಿಂದಲೂ ಕೈ ಆಡಿಸಿ ಬೆನ್ನನ್ನು ತುರಿಸಿಕೊಂಡು ತೋರಿಸಿದನು. ಅಷ್ಟಕ್ಕೇ ಬಿಡದೆ, ಮೊಣಕಾಲು ಬಗ್ಗಿಸದೆ ನಡುವನ್ನು ಬಾಗಿಸಿ ಮೊಣಕೈಗಳನ್ನು ನೆಲಕ್ಕೆ ತಾಗಿಸಿದನು; ಕಾಲುಗಳೆರಡನ್ನೂ ಚಾಚಿ ನೆಲದ ಮೇಲೆ ಕುಳಿತನು. ಸಭೆ ಬೆರಗಾಯಿತು.

ಕಾರ್ಪೊವಿಚ್‌ನ ಹಿರಿಮೆ ತಿಳಿಯುವುದು ಇನ್ನು ಮುಂದೆ. ಕಣ್ಣಾರೆ ಕಂಡುದನ್ನು ತಳ್ಳಿಹಾಕದೆ, ಹಾಗೆಂದು ಒಂದು ಪ್ರದರ್ಶನಕ್ಕೆ ಮಾರುಹೋಗದೆ, ಆತನು ಪರೀಕ್ಷೆಗೆ ತೊಡಗಿದನು. ಭಾರ ಎತ್ತುವವರು 300 ಮಂದಿ, ಎತ್ತದವರು 300 ಮಂದಿ. ಒಬ್ಬೊಬ್ಬರೂ ಒಂದು ಹಿಡಿಕೆಯನ್ನು ತಮ್ಮಿಂದಾದಷ್ಟು ವೇಗವಾಗಿ 24 ಸುತ್ತು ತಿರುಗಿಸಬೇಕು. ಆತನೂ ವಿಲಿಯಂ ಜೋರ್ಬಾಸ್ ಎಂಬಾತನೂ 1951ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಬೇಗ ತಿರುಗಿಸಿದವರು ಭಾರ ಎತ್ತುವವರೇ ಆಗಿದ್ದರು! ತನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿ ಬಂದ ಉತ್ತರವನ್ನು ಆ ವಿಜ್ಞಾನಿ ಮುಚ್ಚಿಡಲಿಲ್ಲ.

ಆದರೂ ಹಳೆಯ ಭಯ ಬ್ಯಾಸ್ಕೆಟ್‌ಬಾಲ್ ಅಂಗಳವನ್ನು ಬಿಟ್ಟು ಹೋಗಲು ಇನ್ನೂ ಹಲವು ದಶಕಗಳು ಹಿಡಿದವು. 1989ರಲ್ಲಿ ಮೈಕೆಲ್ ಜೋರ್ಡನ್ ಎಂಬ ಅಸಾಮಾನ್ಯ ಆಟಗಾರನು ಡೆಟ್ರಾಯಿಟ್ ತಂಡದವರ ಒರಟಾದ ತಳ್ಳಾಟಕ್ಕೆ ಸಿಕ್ಕಿ ಬಳಲಿ, ಟಿಮ್ ಗ್ರೋವರ್ ಎಂಬ ತರಬೇತುದಾರನ ಬಳಿ ಭಾರದ ಸಾಮನ್ನು ಆರಂಭಿಸಿದನು. ಮೈತೂಕ ಒಮ್ಮೆಗೇ ಏರಿದರೆ ಚೆಂಡೆಸೆಯುವ ಲಯ ಕೆಟ್ಟೀತೆಂಬ ಎಚ್ಚರದಿಂದ ಅವರು ಬಲವನ್ನು ಸ್ವಲ್ಪಸ್ವಲ್ಪವಾಗಿ ಕೂಡಿಸಿದರು. 1991ರಲ್ಲಿ ಆತನ ಶಿಕಾಗೋ ತಂಡವು ಡೆಟ್ರಾಯಿಟ್ ತಂಡವನ್ನು ಸತತವಾಗಿ ನಾಲ್ಕು ಪಂದ್ಯಗಳಲ್ಲಿ ಸೋಲಿಸಿತು. ಆ ಬಳಿಕ ಈ ಅಭ್ಯಾಸವನ್ನು ಹಳಿಯುವ ಧೈರ್ಯ ಹೆಚ್ಚು ಜನಕ್ಕೆ ಇರಲಿಲ್ಲ.

ಈಗ ಅಮೆರಿಕದ ಪ್ರೌಢಶಾಲೆಗಳಲ್ಲಿ ಭಾರ ಎತ್ತಬೇಕೇ ಬೇಡವೇ ಎಂಬ ಚರ್ಚೆ ಬಹುಮಟ್ಟಿಗೆ ಮುಗಿದಿದೆ. ಉಳಿದಿರುವ ಪ್ರಶ್ನೆ ಬೇರೆ: ಪಂದ್ಯದ ದಿನ ಎತ್ತಬಹುದೇ? ಕೇಳಿದೊಡನೆ ಬೇಡವೆನ್ನಿಸುತ್ತದೆ. ಸಂಜೆ ಓಡಿ ಜಿಗಿಯಬೇಕಾದವನು ಬೆಳಿಗ್ಗೆ ಕಾಲನ್ನು ದಣಿಸಿಕೊಳ್ಳುವುದು ಯಾವ ಜಾಣತನ? ಆದರೆ ಅಲ್ಲಿಯ ಪಂದ್ಯಗಳ ಕಾಲವನ್ನು ಬೆರಳೆಣಿಸಿ ನೋಡಿದರೆ ತೊಡಕು ತಿಳಿಯುತ್ತದೆ. ನವೆಂಬರಿನಿಂದ ಫೆಬ್ರವರಿ, ಮಾರ್ಚಿಯವರೆಗೆ, ಹಲವೆಡೆ ಮಂಗಳವಾರವೂ ಶುಕ್ರವಾರವೂ ಪಂದ್ಯಗಳು ನಡೆಯುತ್ತವೆ. ಪಂದ್ಯದ ದಿನವೂ ಅದರ ಮುನ್ನಾದಿನವೂ ಬೇಡವೆಂದರೆ ಸೋಮ, ಮಂಗಳ, ಗುರು, ಶುಕ್ರವಾರಗಳು ಕಳೆದವು. ಬುಧವಾರ ಹಿಂದಿನ ರಾತ್ರಿಯ ಆಟದ ಆಯಾಸವಿರುತ್ತದೆ. ಭಾನುವಾರ ಅನೇಕ ಶಾಲೆಗಳು ಮುಚ್ಚಿರುತ್ತವೆ. ಉಳಿದದ್ದು ಶನಿವಾರವೊಂದೇ. ಅದೂ ತಪ್ಪಿದರೆ ಸಾಮು ನಿಂತೇ ಹೋಗುತ್ತದೆ. ಬೇಸಗೆಯಲ್ಲಿ ಬೆವರು ಸುರಿಸಿ ಗಳಿಸಿದ ಬಲವು ಕೆಲವು ವಾರಗಳವರೆಗೆ ನಿಂತು, ಬಳಿಕ ಕರಗತೊಡಗುತ್ತದೆ. ಮುಖ್ಯವಾದ ಪಂದ್ಯಗಳು ಬರುವುದು ಋತುವಿನ ಕೊನೆಯಲ್ಲಿ. ಅಷ್ಟು ಹೊತ್ತಿಗೆ ಹುಡುಗನ ಗಂಟು ಖಾಲಿಯಾಗಿರುತ್ತದೆ.

ಇಲ್ಲಿ ಶರೀರದ ಒಂದು ಗುಣವನ್ನು ಅರಿಯಬೇಕು. ದೊಡ್ಡ ಭಾರವನ್ನು ಮತ್ತೆ ಮತ್ತೆ, ಇನ್ನಾಗದೆಂಬವರೆಗೆ ಎತ್ತಿದರೆ ಸ್ನಾಯುತಂತುಗಳಿಗೆ ಸಣ್ಣಸಣ್ಣ ಗಾಸಿಯಾಗುತ್ತದೆ. ಅದರ ನೋವು ಒಡನೆಯೇ ತೋರದೆ, ಒಂದರಿಂದ ಮೂರು ದಿನಗಳೊಳಗೆ ಹೆಚ್ಚಾಗಿ ಬಾಧಿಸುತ್ತದೆ. ಭಾರವನ್ನು ನಿಧಾನವಾಗಿ ಇಳಿಸುವಾಗಲೂ, ರೂಢಿಯಿಲ್ಲದ ಹೊಸ ಸಾಮನ್ನು ಮಾಡುವಾಗಲೂ ಈ ಗಾಸಿ ಹೆಚ್ಚು. ಆದುದರಿಂದ ಬುಧವಾರ ಕೈಗೊಂಡ ಕಠಿಣ ಸಾಮಿನ ನೋವು ಶುಕ್ರವಾರದ ಪಂದ್ಯದಲ್ಲಿ ಕಾಲಿಗೆ ತೊಡರಬಹುದು. ಪಂದ್ಯದ ದಿನ ಮಾಡುವ ಮಿತವಾದ ಸಾಮಿನಿಂದ ಅಂತಹ ಕೇಡಿಲ್ಲ. ಅದರ ಅಲ್ಪ ಆಯಾಸವು ಕೆಲವು ಗಂಟೆಗಳಲ್ಲಿ ಹಿಂಗಿಹೋಗುತ್ತದೆ. ಬೆಳಗಿನ ಲಘುವಾದ ಸಾಮಿನಿಂದ ಸಂಜೆಯ ಜಿಗಿತ ತುಸು ಹೆಚ್ಚಿತೆಂದು ಕೆಲವು ಪ್ರಯೋಗಗಳು ತೋರಿಸಿವೆ. ಮತ್ತೆ ಕೆಲವುಗಳಲ್ಲಿ ವ್ಯತ್ಯಾಸ ಕಂಡಿಲ್ಲ. ಪವಾಡವನ್ನು ನಿರೀಕ್ಷಿಸುವುದು ಬೇಡ. ಬಲವು ಉಳಿಯುವುದೇ ದೊಡ್ಡ ಲಾಭ.

ಹಾಗಾದರೆ ಮಿತವೆಂದರೆ ಎಷ್ಟು? ಹತ್ತು ಸಲ ಎತ್ತಬಲ್ಲ ಭಾರವನ್ನು ಮೂರೇ ಸಲ ಎತ್ತಿ ಇಳಿಸಬೇಕು. ಸಾಕಷ್ಟು ವಿರಾಮದ ಬಳಿಕ ಮತ್ತೊಮ್ಮೆ. ಹೆಗಲ ಮೇಲೆ ಭಾರವಿಟ್ಟು ಕುಳಿತೇಳುವ ಬೈಠಕ್ಕು, ಎಳೆಯುವ ಒಂದು ಸಾಮು, ಒತ್ತುವ ಒಂದು ಸಾಮು; ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿಯಬೇಕು. ಸಂಜೆ 7 ಗಂಟೆಗೆ ಪಂದ್ಯವಿದ್ದರೆ ಇದನ್ನು ಬೆಳಿಗ್ಗೆಯೇ, ಹೆಚ್ಚೆಂದರೆ ಮಧ್ಯಾಹ್ನದ ಊಟಕ್ಕೆ ಮುನ್ನ ಮುಗಿಸುವುದು ಲೇಸು. ತೋಳುಗಳನ್ನು ದಣಿಸುವ ಸಾಮು ಅಂದು ಸಲ್ಲದು. ತಡೆಯಿಲ್ಲದ ಎಸೆತವನ್ನು ಎಸೆಯುವುದು 15 ಅಡಿ ದೂರದಿಂದ. ಅಲ್ಲಿ ದಣಿದ ತೋಳು ಕೂದಲೆಳೆಯಷ್ಟು ತಪ್ಪಿದರೂ ಚೆಂಡು ಬಳೆಯ ಅಂಚಿಗೆ ಬಡಿದು ಹೊರಬೀಳುತ್ತದೆ. ಇನ್ನು ಬಾರ್ಬೆಲ್ಲನ್ನು ಇದೇ ಮೊದಲು ಹಿಡಿಯುವ ಹುಡುಗನಿಗೆ ಪಂದ್ಯದ ದಿನ ಪಾಠದ ದಿನವಲ್ಲ.

ಕೆಲವು ತರಬೇತುದಾರರು ಪಂದ್ಯದ ದಿನ ಹುಡುಗರಿಂದ ಬೆಟ್ಟದಷ್ಟು ಭಾರ ಎತ್ತಿಸಿ, ಇದರಿಂದ ಮನಸ್ಸು ಗಟ್ಟಿಯಾಗುವುದೆಂದು ಹೇಳುವುದುಂಟು. ಅದು ಶಿಕ್ಷಣವಲ್ಲ, ಬರಿಯ ಹಮ್ಮು. ಹದಿಹರೆಯದವರಿಗೆ ರಾತ್ರಿ 8ರಿಂದ 10 ಗಂಟೆಗಳ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ನಸುಕಿನ ಸಾಮಿಗಾಗಿ ಆ ನಿದ್ರೆಯನ್ನು ಕತ್ತರಿಸಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತೆ. ಅಮೆರಿಕದ ಅನೇಕ ಶಾಲೆಗಳ ವೇಳಾಪಟ್ಟಿಯಲ್ಲಿಯೇ ಭಾರದ ಸಾಮಿಗೆ ಒಂದು ಅವಧಿ ಇರುತ್ತದೆ. ಅಂತಹ ಕಡೆ ಆ ಅವಧಿಯನ್ನೇ ಹಗುರಗೊಳಿಸಿ ಬಳಸಿಕೊಳ್ಳುವುದು ಸುಲಭ.

ಎಲ್ಲ ಆಟಗಾರರಿಗೂ ಒಂದೇ ಅಳತೆ ಹೊಂದದು. ಪಂದ್ಯದಲ್ಲಿ 32 ನಿಮಿಷಗಳ ಪೈಕಿ ಬಹುಪಾಲು ಓಡುವವನಿಗೆ ಸಾಕೆನಿಸುವ ಸಾಮು, ಬೆಂಚಿನ ಮೇಲೆ ಕುಳಿತು ಎರಡು ನಿಮಿಷ ಆಡುವವನಿಗೆ ಸಾಲದು. ಇಂತಹವನು ಪಂದ್ಯ ಮುಗಿದ ಮೇಲೆ ಎತ್ತಬಹುದು. ಮರುದಿನ ಇಡಿಯಾಗಿ ವಿಶ್ರಾಂತಿಗೆ ದೊರೆಯುತ್ತದೆ.

ಹುಡುಗಿಯರ ವಿಷಯದಲ್ಲಿ ಈ ಸಾಮಿಗೆ ಇನ್ನೂ ಹೆಚ್ಚಿನ ಬೆಲೆಯಿದೆ. ಜಿಗಿದು ನೆಲಕ್ಕಿಳಿಯುವಾಗ ಮೊಣಕಾಲು ಒಳಕ್ಕೆ ವಾಲಿ, ಕೀಲಿನ ನಡುವಣ ಅಸ್ಥಿಬಂಧ ಹರಿಯುವ ಅಪಾಯವು ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗರಿಗಿಂತ ಹುಡುಗಿಯರಿಗೆ ಹಲವು ಪಟ್ಟು ಹೆಚ್ಚು. ಹರಿದರೆ ಶಸ್ತ್ರಚಿಕಿತ್ಸೆ, ಮತ್ತೆ ಅಂಗಳಕ್ಕಿಳಿಯಲು ಬಹುಮಟ್ಟಿಗೆ ಒಂದು ವರ್ಷ. ತೊಡೆ, ಪೃಷ್ಠಗಳ ಬಲವನ್ನು ಹೆಚ್ಚಿಸಿ, ಮೊಣಕಾಲನ್ನು ಪಾದದ ನೇರಕ್ಕೆ ಇರಿಸಿಕೊಂಡು ಮೆತ್ತಗೆ ಇಳಿಯುವುದನ್ನು ಕಲಿಸಿದ ತಂಡಗಳಲ್ಲಿ ಈ ಗಾಯ ಕಡಿಮೆಯಾಗಿದೆ. ಋತುವಿನ ನಡುವೆ ಅದನ್ನು ಬಿಟ್ಟುಬಿಟ್ಟರೆ ರಕ್ಷಣೆಯೂ ಇಳಿಯುತ್ತದೆ. ಆದುದರಿಂದಲೇ ಅಲ್ಲಿಯ ವಿವೇಕಿಗಳಾದ ತರಬೇತುದಾರರು ಪಂದ್ಯದ ಸಂಜೆ ಮೈ ಬಿಸಿಮಾಡಿಕೊಳ್ಳುವ ಹೊತ್ತಿನಲ್ಲಿಯೂ ಹುಡುಗಿಯರಿಂದ ಈ ಇಳಿತವನ್ನು ಹಲವು ಬಾರಿ ಮಾಡಿಸಿ, ಅವರ ಮೊಣಕಾಲುಗಳನ್ನು ಗಮನಿಸುತ್ತ ನಿಲ್ಲುತ್ತಾರೆ.