ಕಂಪ್ಯೂಟರಿನಲ್ಲೊಂದು ತಂಬೂರಿ

ಸಾಫ್ಟ್‌ವೇರ್ ಸಿಂಥಸೈಜರ್ ಬರೆಯಲು ಹೊರಟವರಿಗೆ ನಾನು ಹೇಳುವುದಿಷ್ಟು: ನೂರು ವಾದ್ಯಗಳ ಆಸೆ ಬೇಡ, ಒಂದನ್ನೇ ಹಿಡಿಯಿರಿ, ಅದೂ ನಿಮ್ಮೂರ ಹತ್ತಿರ ಕಿವಿಯಾರೆ ಕೇಳಸಿಗುವಂಥದ್ದನ್ನು. ನಾನು ತಂಬೂರಿ ಹಿಡಿದೆ. ಕಾಗವಾಡದಿಂದ ಮಹಾರಾಷ್ಟ್ರದ ಗಡಿ ದಾಟಿದರೆ ಮಿರಜ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು 19ನೇ ಶತಮಾನದಲ್ಲಿ ತಂತಿವಾದ್ಯ ಮಾಡತೊಡಗಿದ ಊರದು. ಅಲ್ಲಿಯ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ನನ್ನ ಕೋಡ್ ಎಷ್ಟು ಸರಿ ಎಂದು ತಿಳಿಯಲು ಬಸ್ ಹತ್ತಿದರೆ ಸಾಕಿತ್ತು.

ತಂತಿಯ ದನಿ ಹುಟ್ಟಿಸುವ ಉಪಾಯವನ್ನು ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ 1983ರಲ್ಲೇ ಪ್ರಕಟಿಸಿದ್ದರು. ಹಳೆಯ ಕಂಪ್ಯೂಟರಿಗೂ ಅದು ಭಾರವಲ್ಲ. ಸ್ಪೀಕರಿಗೆ ಸೆಕೆಂಡಿಗೆ 44,100 ಅಂಕಿಗಳು ಹೋಗುತ್ತವೆ ಎಂದಿಟ್ಟುಕೊಳ್ಳಿ. ಪೇಟಿಯ ಕರಿ ಒಂದರ ಷಡ್ಜಕ್ಕೆ, ಅಂದರೆ ಸುಮಾರು 138.6 ಹರ್ಟ್ಸ್‌ಗೆ, 318 ಅಂಕಿಗಳ ಒಂದು ಸಾಲು ಬೇಕು. ಅದರಲ್ಲಿ ಮನಬಂದ ಅಂಕಿ ತುಂಬಿ. ಮೊದಲನೆಯದನ್ನು ಸ್ಪೀಕರಿಗೆ ಕಳಿಸಿ, ಅದರದೂ ಸಾಲಿನಲ್ಲಿ ಅದರ ಹಿಂದೆ ನಿಂತದ್ದರದೂ ಸರಾಸರಿ ತೆಗೆದು, 0.996ರಿಂದ ಗುಣಿಸಿ ಸಾಲಿನ ತುದಿಗೆ ಸೇರಿಸಿ. ಇದನ್ನೇ ತಿರುತಿರುಗಿ ಮಾಡಿದರೆ, ಬರೀ ಗದ್ದಲವಾಗಿ ಶುರುವಾದದ್ದು ಕ್ಷಣದಲ್ಲಿ ಮೀಟಿದ ತಂತಿಯಾಗುತ್ತದೆ. ತಾರ ಸಪ್ತಕದಲ್ಲಿ ಸಾಲು ಗಿಡ್ಡವಾಗಿ ಸ್ವರ ಜಾರುತ್ತದೆ. ಅದಕ್ಕೊಂದು ಫಿಲ್ಟರ್ ಜೋಡಿಸಬೇಕು.

ತಂತಿಯೇನೋ ಆಯಿತು, ತಂಬೂರಿಯಾಗಲಿಲ್ಲ.

ಮಿರಜದ ಅಂಗಡಿಯಲ್ಲಿ ಕುಶಲಕರ್ಮಿಯೊಬ್ಬರು ತಂತಿಗಳನ್ನು ಹೊರುವ ಕುದುರೆಯ ಮೇಲ್ಮೈಯನ್ನು ಉಜ್ಜುವುದು, ತಂತಿಯ ಕೆಳಗೆ ದಾರ ಸರಿಸುವುದು, ಮೀಟಿ ಕೇಳುವುದು, ಮತ್ತೆ ಉಜ್ಜುವುದು, ಇದನ್ನೇ ನೋಡುತ್ತ ಕೂತೆ. ದಾರ ಕೂದಲೆಳೆಯಷ್ಟು ಸರಿದರೂ ಸಪ್ಪೆ ದನಿ ಝೇಂಕರಿಸತೊಡಗುತ್ತಿತ್ತು. ಕುದುರೆ ಚೂಪಲ್ಲ, ಅಗಲವಾಗಿ ಬಾಗಿದ ಹಲಗೆ. ಕಂಪಿಸುವ ತಂತಿ ಅದನ್ನು ಮುಟ್ಟಿ ಬಿಡುತ್ತಿರುತ್ತದೆ. ಸಿ.ವಿ. ರಾಮನ್ 1921ರಲ್ಲೇ ಇದನ್ನು ಗಮನಿಸಿದ್ದರು: ಪಠ್ಯಪುಸ್ತಕದ ನಿಯಮದ ಪ್ರಕಾರ ಮೀಟಿದ ಜಾಗದಿಂದ ಹೊರಡಲೇಬಾರದ ಉಪಸ್ವರಗಳು ತಂಬೂರಿಯಲ್ಲಿ ಜೋರಾಗಿಯೇ ಕೇಳುತ್ತವೆ. ಹಾಗಾಗಿ ನನ್ನ ಕೋಡಿನಲ್ಲೂ ತಂತಿ ಕುದುರೆಯತ್ತ ವಾಲಿದಾಗ ಮಾತ್ರ ಸಾಲಿನ ಉದ್ದ ತುಸು ಮೊಟಕಾಗುವಂತೆ ಮಾಡಿದೆ. ಎಷ್ಟು ಮೊಟಕಾಗಬೇಕು ಎಂಬುದನ್ನು ಕಿವಿಯೇ ಹೇಳಬೇಕು. ನನ್ನ ಹೆಚ್ಚಿನ ಸಂಜೆಗಳು ಹೋದದ್ದು ಆ ಒಂದು ಅಂಕಿಗೆ.

ಝೇಂಕಾರ ಬಂದ ಮೇಲೆ ಬೇರೆ ತಕರಾರು. ಖರ್ಜದ, ಅಂದರೆ ಮಂದ್ರ ಷಡ್ಜದ, ತಂತಿಯಿಂದ ಗಾಂಧಾರ ತಾನಾಗಿ ಹೊಮ್ಮುತ್ತದೆ, ಷಡ್ಜಕ್ಕೆ 5:4ರ ಅನುಪಾತದಲ್ಲಿ. ಕೀಬೋರ್ಡಿನ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಮೇಲೆ, ಅಂದರೆ ಅರ್ಧಸ್ವರದ ಏಳನೇ ಒಂದು ಪಾಲು. ಎರಡನ್ನೂ ಕೂಡಿ ನುಡಿಸಿದರೆ ಕಿವಿಗೆ ಕಸಿವಿಸಿ. ಪೇಟಿಯಲ್ಲಾದರೆ ಸಹಿಸಿಕೊಳ್ಳಬೇಕು, ಇಲ್ಲಿ ಸ್ವರಗಳ ಕೋಷ್ಟಕದ ಹನ್ನೆರಡು ಅಂಕಿ ತಿದ್ದಿದರಾಯಿತು. ಸಿಂಥಸೈಜರಿನ ನಿಜವಾದ ಲಾಭ ಇದೇ ಎಂದು ನನ್ನ ಲೆಕ್ಕ. ಅಥಣಿ, ರಾಯಬಾಗದ ಕಡೆಯ ಭಜನೆಗಳಲ್ಲಿ ತತ್ವಪದ ಹಾಡುವವರದೊಂದು ಪಟ್ಟಿ, ಅಂದರೆ ಆಧಾರ ಶ್ರುತಿ, ಅಭಂಗ ಹಾಡುವವರದು ಇನ್ನೊಂದು. ಬಿರಡೆ ತಿರುವುತ್ತ ಕೂರದೆ ಒಂದೇ ಗುಂಡಿಯಲ್ಲಿ ಶ್ರುತಿ ಬದಲಾಗುತ್ತದೆ.

ಕೈಯಿಂದ ನುಡಿಸುವಾಗ ತಡವೇ ದೊಡ್ಡ ಶತ್ರು. ಸ್ಪೀಕರಿಗೆ ಹೋಗುವ ಮುನ್ನ ಅಂಕಿಗಳು ಕಾಯುವ ಬಫರ್ 1,024 ಅಂಕಿಗಳಷ್ಟಿದ್ದರೆ ಅದೊಂದರಿಂದಲೇ ದನಿ 23 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ, ತಬಲಾದವರು ಮುಖ ನೋಡುತ್ತಾರೆ. 256ಕ್ಕೆ ಇಳಿಸಿದರೆ ಸುಮಾರು 6. ಅದಕ್ಕೂ ಕೆಳಗೆ ಹೋದರೆ ನನ್ನ ಕಂಪ್ಯೂಟರ್ ಚಟಪಟ ಎನ್ನುತ್ತದೆ. 

ತಂಬೂರಿ ಮಾಡುವವರ ಹೊಟ್ಟೆಗೆ ಇದು ಹೊಡೆಯುತ್ತದೆಯೇ ಎಂದು ಗೆಳೆಯರು ಕೇಳುತ್ತಾರೆ. ಅವರ ಒಂದು ತಂಬೂರಿಯ ಪಕ್ಕದಲ್ಲಿಟ್ಟು ಕೇಳಿ, ನನ್ನದು ಇನ್ನೂ ಸಪ್ಪೆಯೇ.

ಮಾಡಿ ನೋಡುವವರು ಹೆಡ್‌ಫೋನ್ ಹಾಕಿಕೊಳ್ಳುವ ಮೊದಲು ಆ 0.996ನ್ನು ಇನ್ನೊಮ್ಮೆ ಪರೀಕ್ಷಿಸಿ, ದನಿಗೊಂದು ಮಿತಿಯನ್ನೂ ಹಾಕಿ. ಅಲ್ಲಿ 1.01 ಎಂದು ಬಿದ್ದರೆ ಕರಿ ಒಂದರ ಷಡ್ಜ ಒಂದೇ ಸೆಕೆಂಡಿನಲ್ಲಿ ಸುಮಾರು ನಾಲ್ಕು ಪಟ್ಟು ಏರುತ್ತದೆ.